ಆರನೆಯ ಮೊಳೆ

ಮೂವತ್ತೊಂದು ವರ್ಷ ಫ್ಲಾರೆನ್ಸಿನ ಬಸ್ಸುಗಳಲ್ಲಿ
ಟಿಕೆಟ್ ತಿರುವಿ ನೋಡಿದ ಕೈ ಇದು.
ಈಗ ತಟ್ಟೆ ತಿರುವುತ್ತದೆ.
ಮುಖಕ್ಕೆ ಮರುಳಾಗುವವರು ಆಗಲಿ,
ನಾನು ಮೊದಲು ಬೆನ್ನು ನೋಡುವವನು:
ಕಾರ್ಖಾನೆಯ ಕಿರೀಟ, ಇಸವಿ, ವಿನ್ಯಾಸಗಾರನ ಉದ್ದ ಸಹಿ,
ಸಹಿಯ ಬಗಲಲ್ಲಿ ಸಾಸಿವೆಯಷ್ಟು ಕೆಂಪು ಚುಕ್ಕೆ,
ಬಣ್ಣ ತುಂಬಿದವಳದು. ಅವಳಿಗೆ ಸಹಿ ಇರಲಿಲ್ಲ.

ಅರೆತ್ಸೊ ಸಂತೆಯಲ್ಲಿ, ತಿಂಗಳ ಮೊದಲ ಭಾನುವಾರ,
ಮಂಜಿನ್ನೂ ಏಳದ ಹೊತ್ತಿಗೆ, ಟಾರ್ಚು ಹಿಡಿದು,
ಹಿತ್ತಾಳೆ ದೀಪ, ಸತ್ತವರ ಕನ್ನಡಕಗಳ ನಡುವೆ
ಮೊದಲನೆಯವಳು ಸಿಕ್ಕಳು.
ಇಪ್ಪತ್ತಾರನೇ ಇಸವಿಯ ಹುಡುಗಿ, ನೀಲಿ ಈಜುಡುಗೆ,
ಬಿಳಿ ಪಿಂಗಾಣಿಯ ಅಂಚಿನಲ್ಲಿ ತುದಿಗಾಲಲ್ಲಿ ನಿಂತು.
ಎರಡನೇ ತಟ್ಟೆಯಲ್ಲಿ ಮಂಡಿ ಬಾಗಿದೆ.
ಮೂರರಲ್ಲಿ ಕಾಲು ಹಲಗೆ ಬಿಟ್ಟಿದೆ.
ನಾಲ್ಕು: ಬಿಲ್ಲು.
ಐದು: ತಲೆ ಕೆಳಗೆ, ಕೈ ಜೋಡಿ,
ಕೂದಲಿನ ಒಂದೇ ಒಂದು ಚಿನ್ನದ ಎಳೆ
ಇನ್ನೂ ಮೇಲಕ್ಕೇ ಹಾರುತ್ತ.
ಕೆಳಗೆ ನೀರಿಲ್ಲ. ಬರೀ ಬಿಳುಪು.

ಐದಕ್ಕೆ ಹತ್ತೊಂಬತ್ತು ವರ್ಷ ಹಿಡಿಯಿತು.
ನಾಲ್ಕನೆಯದಕ್ಕೆ ಸ್ಕೂಟರ್ ಮಾರಿದೆ;
ಅದನ್ನು ಕೊಟ್ಟ ಮಿಲಾನಿನ ದಂತವೈದ್ಯ
ಹಲ್ಲು ಕೀಳಿಸಿಕೊಂಡವನ ಹಾಗೆ ಕೆನ್ನೆ ಹಿಡಿದುಕೊಂಡ.
ಗೋಡೆಗೆ ಆರೂ ಮೊಳೆ ಮೊದಲೇ ಹೊಡೆದಿದ್ದೆ,
ಒಂದಕ್ಕಿಂತ ಒಂದು ಗೇಣು ಕೆಳಗೆ.
ಖಾಲಿ ಮೊಳೆಗೆ ಝೆಲಿಂದಾ ತನ್ನ ಏಪ್ರನ್ ನೇತುಹಾಕುವಳು,
ನಾನು ತೆಗೆಯುವೆ, ಅವಳು ಹಾಕುವಳು.
"ನಿನ್ನ ಹುಡುಗಿ ಬಂದ ದಿನ ಜಾಗ ಬಿಡುತ್ತೇನೆ."

ಆರನೆಯದನ್ನು ಕಂಡವರಿಲ್ಲ.
ಹಳೆಯ ದರಪಟ್ಟಿಯಲ್ಲಿ ಒಂದು ಅಂಕೆ, ಮುಂದೆ ಬೆಲೆ, ಅಷ್ಟೆ.
ಮೀನೊಂದು ಅವಳನ್ನು ಹೊತ್ತಿದೆ ಎಂದ ಒಬ್ಬ ವ್ಯಾಪಾರಿ;
ಇಲ್ಲ, ಬತ್ತಲೆ ಇದ್ದಳು, ಪಾದ್ರಿಗಳು ಒಡೆಸಿದರು ಎಂದ ಇನ್ನೊಬ್ಬ.
ಇಬ್ಬರೂ ನನಗೆ ಬೇರೇನನ್ನೋ ಮಾರಿದರು.

ಕೊನೆಗೆ ಸೆಸ್ತೊದಲ್ಲಿ, ಕಾರ್ಖಾನೆಯ ಹಿಂದಿನ ಓಣಿಯಲ್ಲಿ
ನೀವೆಸ್ ಗರ್ಗಾನಿ, ಎಂಬತ್ತೆಂಟು ವರ್ಷ,
ಆರ್ಟಿಚೋಕ್ ಗಿಡಕ್ಕೆ ಮಣ್ಣು ಏರಿಸುತ್ತಿದ್ದಳು.
ನಾನು ಒಯ್ದ ತಟ್ಟೆಯನ್ನು ಅವಳೂ ಮೊದಲು ತಿರುವಿದಳು.
ಕೆಂಪು ಚುಕ್ಕೆಯ ಮೇಲೆ ಹೆಬ್ಬೆರಳಿಟ್ಟು
"ಅಮ್ಮ" ಎಂದಳು, ಯಾರೋ ಬಾಗಿಲಿಗೆ ಬಂದಾಗ ಹೇಳುವ ಹಾಗೆ.

"ಆರನೆಯದೇ? ಅದರಲ್ಲಿ ಹುಡುಗಿಯೇ ಇಲ್ಲ.
ನೀರಿನ ಬಳೆ ಮೂರು, ಒಂದರೊಳಗೊಂದು. ಉಳಿದದ್ದು ಬಿಳುಪು.
ಗಿರಾಕಿಗಳು ವಾಪಸು ಕಳಿಸಿದರು, ಚಿತ್ರ ಬರೆಯಲು ಮರೆತಿದ್ದೀರಿ ಅಂತ.
ಹುಡುಗಿಯನ್ನು ಯಾರು ಬೇಕಾದರೂ ತುಂಬುತ್ತಿದ್ದರು.
ಬಳೆ ಎಳೆಯುವುದು ಅಮ್ಮನೊಬ್ಬಳೇ:
ಉಸಿರು ಬಿಗಿಹಿಡಿದು, ಕುಂಚ ನಿಲ್ಲಿಸಿ, ತಟ್ಟೆಯನ್ನೇ ತಿರುಗಿಸಬೇಕು.
ದಿನಕ್ಕೆ ಹನ್ನೊಂದು.
ಅಷ್ಟನ್ನೂ ಒಡೆದು ಈ ಓಣಿಗೆ ಸುರಿದರು,
ಚಳಿಗಾಲದ ಕೆಸರಲ್ಲಿ ಗಾಡಿ ಹೂಳದಿರಲೆಂದು."

ನಾನು ಒಂದು ಕಾಲೆತ್ತಿದೆ.
ಇಡಲು ಜಾಗ ಕಾಣಲಿಲ್ಲ.

ಹೂಕುಂಡದ ತಳದ ತೂತಿಗೆ ಮುಚ್ಚಿದ್ದ ಚೂರನ್ನು
ತೊಳೆದು ಕೊಟ್ಟಳು. ದುಡ್ಡು ಬೇಡವಂತೆ;
ಬೇರೆ ಕಲ್ಲು ಹುಡುಕಿ ತೂತು ಮುಚ್ಚಿ ಹೋದರೆ ಸಾಕಂತೆ.
ಕಿರುಬೆರಳುದ್ದ. ನೀಲಿ ಗೆರೆ, ಸ್ವಲ್ಪ ಬಾಗಿದೆ.
ಬಳೆಯ ತುಂಡೋ, ಯಾವುದೋ ಸೂಪಿನ ಬಟ್ಟಲಿನ ಅಂಚೋ.
ಬೆನ್ನು ನೋಡಿದೆ.
ಬೆನ್ನಲ್ಲಿ ಏನೂ ಇರಲಿಲ್ಲ.

ಮರಳುವಾಗ ಬಸ್ಸಿನಲ್ಲಿ ತಪಾಸಣೆಯ ಹುಡುಗ ಕೈ ಚಾಚಿದ;
ಜೇಬಿಗೆ ಕೈಹಾಕಿ, ತಪ್ಪಿ, ಚೂರನ್ನೇ ಕೊಟ್ಟೆ.
ಅಭ್ಯಾಸಬಲ, ಅವನೂ ತಿರುವಿ ನೋಡಿದ.

ಮನೆಯಲ್ಲಿ ಆರನೇ ಮೊಳೆಗೆ ಏಪ್ರನ್, ಒಗೆದು ಸರಿಯಾಗಿ ಹಿಂಡದ್ದು.
"ಸಿಕ್ಕಳೇನು?" ಒಳಗಿನಿಂದ ಝೆಲಿಂದಾ.
ಐದನೆಯವಳ ಬೆರಳ ತುದಿಯ ಕೆಳಗೆ, ನೆಲದ ಮೇಲೆ,
ಒಂದು ಹನಿ. ಅದರ ಮೇಲೆ ಇನ್ನೊಂದು.
ಒರೆಸಲು ಬಟ್ಟೆ ತಂದವಳಿಗೆ
ತಡಿ ಎಂದೆ.